ಆರು ಟೀಚರ್, ಒಂದು ಸರ್ಟಿಫಿಕೇಟ್

ಗೆಳೆಯರೇ, ಶಿಕ್ಷಕರಿಗೆ ಆನ್‌ಲೈನ್ ತರಬೇತಿ ಕೋರ್ಸ್ ತಯಾರಿಸುವುದು ನನ್ನ ಕೆಲಸ. ಇವತ್ತು ಮುಂಬೈಯ ಪವಾಯಿ ಆಫೀಸಿನಲ್ಲಿ ಕೂತಲ್ಲೇ ಬೈಸಿಕೊಂಡೆ. ಫೋನ್ ಮಾಡಿದವರು ಸಯನ್‌ನ ಕನ್ನಡ ಶಾಲೆಯ ಶಾಂತಾ ಟೀಚರ್, ನನಗೆ ನಾಲ್ಕನೇ ಕ್ಲಾಸಿನಲ್ಲಿ ಕಲಿಸಿದವರು.

"ಎಂತ ಮಾರಾಯ್ತಿ, ನಾವು ಆರು ಜನ ಕೋರ್ಸ್ ಮುಗಿಸಿದ್ದೇವೆ, ಸರ್ಟಿಫಿಕೇಟ್ ಒಂದೇ ಬಂದದ್ದು?"

"ಆರೂ ಜನ ಲಾಗಿನ್ ಆಗಿದ್ರಾ ಟೀಚರ್?"

"ಎಂತಕ್ಕೆ? ಸ್ಟಾಫ್ ರೂಮಲ್ಲಿ ನನ್ನ ಫೋನನ್ನು ಊಟದ ಡಬ್ಬಿಗೆ ಒರಗಿಸಿಟ್ಟು ಎಲ್ಲರೂ ಒಟ್ಟಿಗೆ ನೋಡಿದ್ದು. ಪ್ರಶ್ನೆ ಬಂದಾಗ ಕೈ ಎತ್ತಿಸಿದೆ, ಹೆಚ್ಚು ಕೈ ಎದ್ದ ಉತ್ತರ ಒತ್ತಿದೆ. ಹಾಜರಿ ಸಹ ತೆಗೆದಿದ್ದೇನೆ."

ಹಾಜರಿಯ ಫೋಟೊ ಕೂಡಲೇ ಬಂತು. ಆರು ಸಹಿ, ಕೆಳಗೆ ಕೆಂಪು ಶಾಯಿಯ ಗೆರೆ.

"ಹಾಗೆ ನಡೆಯಲ್ಲ ಟೀಚರ್. ಒಬ್ಬೊಬ್ಬರೇ ಕೂತು ಮಾಡಬೇಕು."

"ಕೋರ್ಸಿನ ಹೆಸರು ಎಂತ? ಓದು ನೋಡುವ."

ಓದಿದೆ: "ಗುಂಪಿನಲ್ಲಿ ಕಲಿಕೆ."

ನಾಲ್ಕನೇ ಕ್ಲಾಸಿನಲ್ಲೂ ಟೀಚರ್ ಹೀಗೇ, ತಪ್ಪನ್ನು ನಮ್ಮ ಬಾಯಿಂದಲೇ ಓದಿಸುತ್ತಿದ್ದರು.

ಉಳಿದ ಐದು ಸರ್ಟಿಫಿಕೇಟಿಗಾಗಿ ಬಾಸ್‌ಗೆ ಮೇಲ್ ಹಾಕಿದ್ದೇನೆ. ಆ ಕೋರ್ಸನ್ನು ನಾನು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಇಡೀ ತಿಂಗಳು ಒಬ್ಬಳೇ ಕೂತು ತಯಾರಿಸಿದ್ದು ಎಂದು ಮಾತ್ರ ಟೀಚರಿಗೆ ಹೇಳಿಲ್ಲ.