ಬಂಗುಡೆಯೊಳಗಿನ ಮಾತ್ರೆ

ನಮ್ಮ ನಾಯಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಊರಿನವರ ಬಾಯಲ್ಲಿ ಅದು ಸಾಕಷ್ಟು ಸವೆದಿದೆ. ಹುಚ್ಚು ನಾಯಿ ಎಂದರು, ಶಾಪ ತಟ್ಟಿದ ನಾಯಿ ಎಂದರು, ಯಾರೋ ಮಾಟ ಮಾಡಿಸಿ ನಮ್ಮ ಮನೆಗೆ ಅಟ್ಟಿದ್ದು ಎಂದೂ ಹೇಳಿದರು. ಹೆಸರಿಟ್ಟವಳು ನಾನು, ಕರೆದರೆ ಅವಳು ಬರುವುದೂ ನನ್ನ ಹತ್ತಿರ. ಅದು ನಮ್ಮಿಬ್ಬರ ನಡುವೆಯೇ ಇರಲಿ.

ಶಿರೂರಿನಲ್ಲಿ ಕಡಲಿಗೆ ಕೂಗಳತೆಯ ದೂರದಲ್ಲಿದೆ ನಮ್ಮ ಮನೆ. ಅಮ್ಮ ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಅಣ್ಣ ಬೋಟಿಗೆ ಹೋಗುತ್ತಾನೆ. ನಾನು ಮನೆಯ ಗೋಡೆಗೆ ತಾಗಿಸಿ ತಗಡು ಹೊದೆಸಿದ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ಮದುವೆಯಾಗಿ ಹೋದ ಮನೆ ಒಗ್ಗದೆ ವಾಪಸು ಬಂದವಳು ಎನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ, ಅದಕ್ಕೆ ಉಪ್ಪು ಖಾರ ಹಚ್ಚಿ ಹೇಳುತ್ತಾರೆ.

ಐದು ವರ್ಷದ ಹಿಂದೆ ಬಲೆಯ ರಾಶಿಯ ಸಂದಿಯಲ್ಲಿ ಕುಂಯ್‌ಗುಡುತ್ತಿದ್ದ ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ತಂದವನು ಅಣ್ಣನೇ. ತಂದವನು ಮರುದಿನ ಬೋಟು ಹತ್ತಿ ಹೋದ. ಮರಿ ನನ್ನ ಪಾಲಿಗೆ ಬಂತು. ಮಷಿನ್ನಿನ ಪೆಡಲಿನ ಪಕ್ಕ, ಬಟ್ಟೆಯ ತುಂಡುಗಳ ಮೇಲೆ ಮಲಗಿ ಬೆಳೆಯಿತು. ಪೆಡಲಿನ ಸದ್ದು ನಿಂತರೆ ಅವಳು ತಲೆಯೆತ್ತಿ ನೋಡುತ್ತಿದ್ದಳು, ಏಕೆ ನಿಲ್ಲಿಸಿದೆ ಎಂದು ಕೇಳುವ ಹಾಗೆ.

ಅವಳಿಗೆ ಆ ಕಾಯಿಲೆ ಮೊದಲ ಸಲ ಬಂದದ್ದು ಒಂದು ಮಧ್ಯಾಹ್ನ, ಊಟದ ನಂತರ. ನಾನು ರವಿಕೆಗೆ ತೋಳು ಕೂಡಿಸುತ್ತಿದ್ದೆ. ಕಾಲಿನ ಬುಡದಲ್ಲಿ ಏನೋ ಪಟಪಟ ಬಡಿಯಿತು. ಬಗ್ಗಿ ನೋಡಿದರೆ ಅವಳ ನಾಲ್ಕೂ ಕಾಲು ಗಾಳಿಯಲ್ಲಿ ಓಡುತ್ತಿವೆ, ದವಡೆ ಬಿಗಿದುಕೊಂಡಿದೆ, ಬಾಯಿಂದ ನೊರೆ ಬರುತ್ತಿದೆ, ಕಣ್ಣು ತೆರೆದೇ ಇದ್ದರೂ ನನ್ನನ್ನು ನೋಡುತ್ತಿಲ್ಲ. ನಾನು ಕಿರುಚಿದೆ. ಪಕ್ಕದ ಮನೆಯ ದೊಡ್ಡಮ್ಮ ತಮ್ಮ ಸೊಂಟದ ಕೀಲಿಕೈ ಗೊಂಚಲು ಬಿಚ್ಚಿಕೊಂಡೇ ಓಡಿ ಬಂದರು.

"ಕಬ್ಬಿಣ ಹಿಡ್ಸ್ ಹೆಣೆ, ಕಬ್ಬಿಣ ಹಿಡ್ಸ್!"

ನಾಯಿ ಕಬ್ಬಿಣ ಹಿಡಿಯುವುದು ಯಾವ ಕೈಯಲ್ಲಿ? ದೊಡ್ಡಮ್ಮ ಅದನ್ನೆಲ್ಲ ಯೋಚಿಸುವವರಲ್ಲ. ಗೊಂಚಲನ್ನು ಮುಂಗಾಲಿನ ಮೇಲೆ ಒತ್ತಿ ಹಿಡಿದರು. ಕಾಲು ಅದುರಿದಂತೆಲ್ಲ ಕೀಲಿಕೈಗಳು ಜಣಜಣ ಎಂದವು. ಎರಡು ನಿಮಿಷಕ್ಕೆ ಅದುರುವುದು ತಾನಾಗಿ ನಿಂತಿತು. ಕೀಲಿಕೈಯಿಂದಲೇ ನಿಂತದ್ದೆಂದು ದೊಡ್ಡಮ್ಮ ಇವತ್ತಿಗೂ ನಂಬಿದ್ದಾರೆ. ನಾನು ಆ ವಿಷಯದಲ್ಲಿ ಅವರೊಡನೆ ಜಗಳ ಮಾಡಿಲ್ಲ. ಓಡಿ ಬಂದವರು ಅವರೊಬ್ಬರೇ.

ಉಳಿದವರು ಗೇಟಿನ ಆಚೆ ನಿಂತು ತೀರ್ಪು ಕೊಟ್ಟರು. ನೊರೆ ಬಂದರೆ ಹುಚ್ಚೇ ಎಂದರು. ರವಿಕೆ ಹೊಲಿಯಲು ಕೊಡಲು ಬಂದ ಒಬ್ಬಳು, ನಾಯಿಯನ್ನು ದೂರ ಬಿಟ್ಟು ಬರುವುದೂ ನನಗೊಂದು ಉಪಕಾರ ಎನ್ನುವ ದನಿಯಲ್ಲಿ, "ನಮ್ಮನಿಯವ್ರ ಗಾಡಿ ಕೊಕ್ಕರ್ಣೆ ಬದಿಗ್ ಹೋತ್ತ್. ಅಲ್ಲ್ ಬಿಟ್ಟಿಕಿ ಬತ್ರ್. ಗದ್ದಿ ಬದಿಲಿ ಹ್ಯಾಂಗಾರೂ ಬದ್ಕಂತ್ತ್" ಎಂದಳು. ನಾನು ಅವಳ ರವಿಕೆ ಬಟ್ಟೆಯನ್ನು ಮಡಚಿ ಅವಳ ಕೈಯಲ್ಲೇ ಇಟ್ಟೆ. ಆ ಬದಿಯಲ್ಲಿ ಒಳ್ಳೆಯ ದರ್ಜಿಗಳೂ ಇದ್ದಾರಂತೆ, ಹಾಗೆಯೇ ಕೊಟ್ಟುಬಿಡಿ ಎಂದೆ. ಅವಳು ಮತ್ತೆ ಬರಲಿಲ್ಲ. ಬರದಿದ್ದರೆ ಬೇಡ.

ಬೈಂದೂರಿನ ಪಶುವೈದ್ಯರು ಘಟ್ಟದ ಮೇಲಿನವರು, ಮಾತು ಕಡಿಮೆ. ಅವಳನ್ನು ಮೇಜಿನ ಮೇಲೆ ಮಲಗಿಸಿ ಕಣ್ಣು, ವಸಡು, ಹೊಟ್ಟೆ ಎಲ್ಲ ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು. "ಹುಚ್ಚಲ್ಲ. ಅಪಸ್ಮಾರ. ಮನುಷ್ಯರಿಗೆ ಬರುವಂಥದ್ದೇ. ಪೂರ್ತಿ ವಾಸಿಯಾಗುತ್ತದೆ ಅಂತ ನಾನು ಹೇಳುವುದಿಲ್ಲ, ಹಿಡಿತದಲ್ಲಿ ಇಡಬಹುದು" ಎಂದರು. ಬೆಳಿಗ್ಗೆ ಎಂಟಕ್ಕೆ ಒಂದು ಮಾತ್ರೆ, ಸಂಜೆ ಎಂಟಕ್ಕೆ ಒಂದು, ಅವಳು ಬದುಕಿರುವಷ್ಟು ದಿನವೂ. ಬಂದಾಗ ಬಾಯಿಗೆ ಕೈ ಹಾಕಬಾರದು, ಸುತ್ತಲಿನ ಸಾಮಾನು ಸರಿಸಬೇಕು, ಎಷ್ಟು ನಿಮಿಷ ಇತ್ತೆಂದು ಬರೆದಿಡಬೇಕು. ಕೊನೆಗೆ ಚೀಟಿಯ ಅಡಿಯಲ್ಲಿ ಎರಡು ಗೆರೆ ಎಳೆದು ಹೇಳಿದರು, "ಒಂದು ಹೊತ್ತೂ ತಪ್ಪಿಸಬೇಡಿ. ತಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರುತ್ತದೆ. ಜೀವಕ್ಕೇ ಅಪಾಯ."

ಬರೆದಿಡಲು ನನ್ನಲ್ಲಿ ಇದ್ದದ್ದು ಅಳತೆ ಪುಸ್ತಕ. ಎದೆ ಮೂವತ್ತಾರು, ತೋಳು ಒಂಬತ್ತು, ಹಿಂದಿನ ಕೊರಳು ಆಳ ಬೇಕು ಎಂದು ಬರೆದ ಪುಟದಲ್ಲೇ "ಮಂಗಳವಾರ, ಎರಡು ನಿಮಿಷ, ಎದ್ದ ಮೇಲೆ ಗೋಡೆಗೆ ಡಿಕ್ಕಿ ಹೊಡೆದಳು" ಎಂದು ಬರೆಯುತ್ತಿದ್ದೆ. ಅಳತೆಗೆ ಬಂದವರು ಇಣುಕಿ ನೋಡಿ ಮುಖ ಸಿಂಡರಿಸಿದರೆ ಟೇಪನ್ನು ಸ್ವಲ್ಪ ಬಿಗಿಯಾಗಿಯೇ ಎಳೆಯುತ್ತಿದ್ದೆ.

ಮಾತ್ರೆ ನುಂಗಿಸುವುದು ಬೇರೆಯೇ ಕಥೆ. ಅನ್ನದಲ್ಲಿ ಕೊಟ್ಟರೆ ಅನ್ನ ತಿಂದು ಮಾತ್ರೆಯನ್ನು ತಟ್ಟೆಯ ಅಂಚಿನಲ್ಲಿ ನೀಟಾಗಿ ಇಡುತ್ತಿದ್ದಳು. ಬೆಲ್ಲ ನೆಕ್ಕಿ ಮಾತ್ರೆ ಉಗುಳಿದಳು. ಕೊನೆಗೆ ದಾರಿ ತೋರಿಸಿದ್ದು ಬಂಗುಡೆ. ಉಪ್ಪು ಹಾಕದೆ ಬೇಯಿಸಿ, ಮುಳ್ಳು ತೆಗೆದು, ಬೆನ್ನಿನ ಕಡೆಯ ಮಾಂಸದಲ್ಲಿ ಮಾತ್ರೆ ಹುದುಗಿಸಿ ಕೊಟ್ಟರೆ ಅಗಿಯದೆ ಗುಳುಂ. ಮೀನು ಮಾರುವವರ ಮನೆಯ ನಾಯಿ, ಮತ್ತೇನು! ಬಂಗುಡೆ ಸಿಗದ ದಿನ ಬೇರೆ ಮೀನು, ಮಳೆಗಾಲದಲ್ಲಿ ಬೋಟು ನಿಂತಾಗ ಒಣಮೀನನ್ನು ನೀರಲ್ಲಿ ನೆನೆಸಿ ಉಪ್ಪು ತೆಗೆದು ಕೊಟ್ಟೆ. ಹತ್ತು ತಿಂಗಳು ಒಂದು ಹೊತ್ತೂ ತಪ್ಪಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದದ್ದು ಒಂದೂವರೆ ಎರಡು ತಿಂಗಳಿಗೊಮ್ಮೆ ಎನ್ನುವಷ್ಟಕ್ಕೆ ಇಳಿಯಿತು. ನನಗೆ ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ.

ಆಗ ನಾಗಬನದ ಪೂಜೆ ಬಂತು. ನಮ್ಮ ಕುಟುಂಬದ ನಾಗಬನ ಮನೆಯ ಹಿಂದೆಯೇ ಇದೆ. ವರ್ಷಕ್ಕೊಮ್ಮೆ ಭಟ್ಟರು ಬಂದು ನಾಗನ ಕಲ್ಲಿಗೆ ಹಾಲು ಎಳನೀರಿನ ತನು ಎರೆಯುತ್ತಾರೆ, ನೆಂಟರೆಲ್ಲ ಸೇರುತ್ತಾರೆ. ಅದಕ್ಕೆ ಮೊದಲು ನಾಲ್ಕು ದಿನ ಮನೆ ಶುದ್ಧದಲ್ಲಿರಬೇಕು. ಮೀನು ಬೇಯಿಸುವುದಿರಲಿ, ಹೊಸ್ತಿಲ ಒಳಗೆ ತರುವಂತೆಯೂ ಇಲ್ಲ. ಅವಳಿಗೆ ಕಾಯಿಲೆ ಬಂದ ಮೇಲೆ ಇದು ಮೊದಲ ಪೂಜೆ. ಬೋಟಿಗೆ ರಜೆ ಹಾಕಿ ಬಂದ ಅಣ್ಣನನ್ನು ನಾನು ಕೇಳಿದೆ, ಹೊರಗೆ, ನನ್ನ ಹೊಲಿಗೆ ಕೋಣೆಯಲ್ಲಿ ಒಂದೇ ಒಂದು ಮೀನು ಬೇಯಿಸಿಕೊಳ್ಳಲೇ ಎಂದು.

"ಪೂಜಿ ಮುಗುವರಿಗೆ ಮೀನಿನ್ ವಾಸ್ನಿಯೂ ಬಪ್ಪುಕಾಗ. ನಾಯಿಗೂ ಅಷ್ಟೇ" ಎಂದ.

"ಗುಳ್ಗಿ ಹ್ಯಾಂಗ್ ಕೊಡುದ್?"

"ಬಾಳಿಹಣ್ಣಲ್ಲ್ ಹಾಕಿ ಕೊಡ್."

ಅಮ್ಮನ ಮುಖ ನೋಡಿದೆ. "ನಾಕ್ ದಿನ ಅಲ್ದಾ ಹೆಣೆ" ಎಂದಳು ಅಮ್ಮ.

ಊರಿಗೆಲ್ಲ ಎದುರು ಮಾತಾಡಿದವಳು ಅಲ್ಲಿ ಸುಮ್ಮನಾದೆ. ನೆಂಟರು ಬರುವ ಮನೆ, ಗಂಡನ ಮನೆ ಬಿಟ್ಟು ಬಂದವಳು, ಇನ್ನು ಇದೊಂದು ಮಾತು ಬೇರೆ ಯಾಕೆ ಎಂದು ಹೆದರಿದೆ. ಬಾಳೆಹಣ್ಣಿನಲ್ಲಿ ಮಾತ್ರೆ ಇಟ್ಟು ಕೊಟ್ಟೆ. ಅವಳು ಬಾಯಿಗೆ ಹಾಕಿಕೊಂಡಳು, ನುಂಗಿದ ಹಾಗೆ ಕಂಡಿತು. ಬಾಯಿ ತೆರೆಸಿ ನೋಡುವಷ್ಟು ಪುರುಸೊತ್ತು ಆ ಮೂರು ದಿನ ನನಗೆ ಇರಲಿಲ್ಲ. ಇರಲಿಲ್ಲ ಎನ್ನುವುದೂ ನೆಪವೇ. ನೋಡಬೇಕಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ, ಅಂಗಳ ಸಾರಿಸುತ್ತಿದ್ದಾಗ ಬಂತು. ಎರಡು ನಿಮಿಷ, ಮೂರು ನಿಮಿಷ, ನಿಂತಿತು. ಅವಳು ಏಳುವ ಮೊದಲೇ ಇನ್ನೊಂದು. ಅದು ನಿಂತು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮತ್ತೊಂದು. ಅವಳ ಅಡಿಗೆ ಹಾಸಲು ಮಷಿನ್ನಿನ ಕೆಳಗಿನ ಗೋಣಿಯನ್ನು ಎಳೆದೆ. ಗೋಣಿಯ ಅಡಿಯಲ್ಲಿ ಮಾತ್ರೆಗಳು ಬಿದ್ದಿದ್ದವು. ಉಬ್ಬಿ, ಅಂಚು ಕರಗಿ, ಬಾಳೆಹಣ್ಣಿನ ನಾರು ಅಂಟಿಕೊಂಡ ಐದು ಮಾತ್ರೆಗಳು. ಮೂರು ದಿನದಲ್ಲಿ ನಾನು ಕೊಟ್ಟದ್ದು ಆರು.

ಅವಳನ್ನು ಗೋಣಿಯ ಸಮೇತ ಎತ್ತಿಕೊಂಡು ರಸ್ತೆಗೆ ಓಡಿದೆ. ಮೊದಲ ರಿಕ್ಷಾದವನು ನೊರೆ ನೋಡಿ ನಿಲ್ಲಿಸಲಿಲ್ಲ. ಎರಡನೆಯದಕ್ಕೆ ನಾನು ಅಡ್ಡ ನಿಂತೆ. ಬೈಂದೂರು ಮುಟ್ಟುವಷ್ಟರಲ್ಲಿ ಇನ್ನೂ ಎರಡು ಸಲ ಬಂದಿತ್ತು. ವೈದ್ಯರು ಏನೂ ಕೇಳದೆ ಮೊದಲು ಇಂಜೆಕ್ಷನ್ ಕೊಟ್ಟರು. ಅವಳ ಕಾಲು ಸಡಿಲವಾಗಿ, ಉಸಿರು ಸಮನಾಗಿ, ಕಣ್ಣು ಮುಚ್ಚಿದ ಮೇಲೆ ಕೇಳಿದರು, "ಮಾತ್ರೆ ಬಿಟ್ಟಿದ್ದಿರಾ?" ನಾನು ಶುದ್ಧ, ಪೂಜೆ, ಬಾಳೆಹಣ್ಣು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ನನ್ನ ಕೈಯಲ್ಲೂ ಆಗುತ್ತಿರಲಿಲ್ಲ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಅವಳು ಎಚ್ಚರವಾಗಿ, ತೂರಾಡುತ್ತಾ ನಿಂತು, ನನ್ನ ಕೈ ಮೂಸಿದಳು. ನನ್ನ ಗುರುತು ಅವಳಿಗೆ ಸಿಕ್ಕಿತು. ಅಲ್ಲೇ ಆಸ್ಪತ್ರೆಯ ಜಗಲಿಯಲ್ಲಿ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಮೊದಲು ನನ್ನ ಮೇಲೆ, ಆಮೇಲೆ ಎಲ್ಲರ ಮೇಲೆ. ವಾಪಸು ಬರುವಾಗ ರಿಕ್ಷಾ ನಿಲ್ಲಿಸಿ ರಸ್ತೆ ಬದಿಯ ಮೀನಿನವಳಿಂದ ಬಂಗುಡೆ ತೆಗೆದುಕೊಂಡೆ. ನಾನು ಯಾರ ಮನೆಯವಳೆಂದು ಅವಳಿಗೆ ಗೊತ್ತು. "ನಾಳೆ ನಿಮ್ಮನಿಯಗೆ ನಾಗನ ಪೂಜಿ ಅಲ್ದಾ?" ಎಂದಳು. ಹೌದು, ನೀನೂ ಬಾ ಎಂದೆ.

ಅಂಗಳದಲ್ಲಿ ನೆಂಟರು ಕೂತಿದ್ದರು. ಒಂದು ಕಂಕುಳಲ್ಲಿ ನಾಯಿ, ಇನ್ನೊಂದು ಕೈಯಲ್ಲಿ ಮೀನಿನ ಚೀಲ. ಅಡಗಿಸುವ ಯೋಚನೆ ನನಗಿರಲಿಲ್ಲ. ಅಣ್ಣ ಗೇಟಿನ ಹತ್ತಿರವೇ ಅಡ್ಡ ಬಂದ.

"ಎಂತ ತಂದದ್ದ್?"

"ಬಂಗ್ಡಿ."

"ತಲಿ ಸಮ ಇತ್ತಾ ನಿಂಗೆ? ನಾಳೆ ನಾಗನ ಪೂಜಿ!"

"ಪೂಜಿ ನಾಳೆ. ಇದ್ಕೆ ಗುಳ್ಗಿ ಇವತ್ತ್."

ಅಣ್ಣನ ದನಿ ಇಳಿಯಿತು. "ನಾನ್ ಕಡ್ಲಿಗ್ ಹೋಪವ. ನಾಳೆ ನಂಗ್ ಎಂತಾರೂ ಆರೆ?" ಎಂದ. ಆ ಭಯ ನನಗೆ ಗೊತ್ತಿಲ್ಲದ್ದಲ್ಲ. ಗಾಳಿ ಬೀಸಿದ ದಿನಗಳಲ್ಲಿ ಬೋಟು ಬರುವವರೆಗೆ ಅಮ್ಮನೂ ನಾನೂ ಊಟ ಮಾಡದೆ ಕೂತದ್ದುಂಟು. ಆದರೂ ನಾನು ಹಿಂದೆ ಸರಿಯಲಿಲ್ಲ. "ನಾಗಂಗೆ ಸಿಟ್ಟಿದ್ರೆ ನನ್ ಮೇಲೆ ಇರ್ಲಿ. ತಂದದ್ದ್ ನಾನ್" ಎಂದು ಅವನನ್ನು ದಾಟಿಕೊಂಡು ಹೊಲಿಗೆ ಕೋಣೆಗೆ ಹೋದೆ.

ಹಿಂದೆಯೇ ಅಮ್ಮ ಬಂದಳು. ಬೈಯಲು ಬಂದಳೆಂದುಕೊಂಡೆ. ಚೀಲದ ಬಾಯಿ ಅಗಲಿಸಿ, ಒಂದು ಬಂಗುಡೆಯ ಕಿವಿರು ಎತ್ತಿ ನೋಡಿದಳು. "ನಿನ್ನಿದ್ ಮೀನ್. ನಿಂಗೆ ಟೊಪ್ಪಿ ಹಾಕ್ದ್ಲ್" ಎಂದಳು. ಆಮೇಲೆ ಮೀನು ಮುಟ್ಟಿದ ಕೈಯನ್ನು ನೋಡಿಕೊಂಡು, ಮತ್ತೆ ಸ್ನಾನ ಮಾಡಲು ಹೋದಳು. ನಾನು ಸ್ಟವ್ ಹಚ್ಚಿ ಬೇಯಿಸಿದೆ. ವಾಸನೆ ಅಂಗಳ ದಾಟಿ ಎಲ್ಲಿಯವರೆಗೆ ಹೋಗಬೇಕೋ ಹೋಯಿತು. ಸಂಜೆ ಎಂಟಕ್ಕೆ ಮಾತ್ರೆ ಒಳಗೆ ಹೋಯಿತು. ಈ ಸಲ ಬಾಯಿ ತೆರೆಸಿ, ನಾಲಗೆ ಎತ್ತಿ ನೋಡಿದೆ.

ಮರುದಿನ ನಾನೂ ಮಿಂದು, ಒಗೆದ ಸೀರೆ ಉಟ್ಟು ಬನಕ್ಕೆ ಹೋದೆ. ಬರಬೇಡ ಎಂದು ಯಾರೂ ಹೇಳಲಿಲ್ಲ, ಆದರೆ ನಾನು ನಿಂತ ಕಡೆ ಸ್ವಲ್ಪ ಜಾಗ ಬಿಟ್ಟು ನಿಂತರು. ಅಣ್ಣ ಭಟ್ಟರಿಗೆ ಎಲ್ಲ ಹೇಳಿದ್ದ. ಪೂಜೆ ಮುಗಿದ ಮೇಲೆ ಭಟ್ಟರು ನನ್ನ ಕಡೆ ತಿರುಗಿ, "ತಪ್ಪು ಕಾಣಿಕೆ ಹಾಕಿ ಕೈ ಮುಗಿ. ಅಷ್ಟ್ ಸಾಕ್" ಎಂದರು. ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಒಂದು ನಾಣ್ಯ ಇಟ್ಟು ತಪ್ಪಾಯಿತೆಂದು ಒಪ್ಪಿಕೊಳ್ಳುವುದು ನಮ್ಮಲ್ಲಿ ಹೊಸತಲ್ಲ. ಸಾಮಾನ್ಯವಾಗಿ ಮನಸ್ಸಿನಲ್ಲೇ ಹೇಳಿಕೊಂಡರೂ ನಡೆಯುತ್ತದೆ. ಮುಗಿಸಿಬಿಡು ಎಂದು ಅಮ್ಮ ಕಣ್ಣಲ್ಲೇ ಬೇಡಿಕೊಂಡಳು. ನಾನು ನಾಣ್ಯವನ್ನು ಕಲ್ಲಿನ ಮುಂದೆ ಇಟ್ಟು, ಕೈ ಮುಗಿದು, ಹಿಂದೆ ನಿಂತವರಿಗೂ ಕೇಳುವ ಹಾಗೆ ಹೇಳಿದೆ.

"ತಪ್ಪಾಯ್ತ್. ಮೀನ್ ತಂದದ್ದ್ ತಪ್ಪಲ್ಲ. ಮೂರ್ ದಿನ ತಾರ್ದೇ ಇದ್ದದ್ದ್ ತಪ್ಪ್. ನಾಕ್ ಜನ ಎಂತ ಹೇಳ್ತ್ರೋ ಅಂತ ಹೆದ್ರಿ, ಅದ್ರ ಜೀವ ತೆಗುಕ್ ಹೊರ್ಟಿದ್ದೆ. ಈ ಕಾಣ್ಕಿ ಅದ್ಕೆ. ಬಪ್ಪ ವರ್ಷ ಪೂಜಿ ಹೊತ್ತಿಗೂ ಮೀನ್ ತತ್ತೆ. ಈಗ್ಳೇ ಹೇಳಿದ್ದೆ."

ನಾನು ಪ್ರಸಾದಕ್ಕೆ ಕೈ ಒಡ್ಡಿದೆ. ಭಟ್ಟರು ಒಮ್ಮೆ ಅಣ್ಣನ ಮುಖ ನೋಡಿದರು. ನಾನು ಕೈ ಹಿಂದೆ ತೆಗೆಯಲಿಲ್ಲ. ಆಮೇಲೆ ಕೊಟ್ಟರು.