ಬಿಳಿ ಗೆರೆಯ ಆ ಬದಿ

ರಸ್ತೆಯ ನಡುವೆ ಬಿಳಿ ಗೆರೆ ಎಳೆದು, ಇನ್ನು ಇದನ್ನು ಯಾರೂ ಮೀರುವಂತಿಲ್ಲ ಅಂದರೆ ನಿಮಗೆ ನಗು ಬರುವುದಿಲ್ಲವೇ? ಧಾರವಾಡದ ಸೀಮೆಯಿಂದ ಮದುವೆಯಾಗಿ ಹೊಸಕೋಟೆಗೆ ಬಂದ ಹೊಸದರಲ್ಲಿ ನಾನಂತೂ ಬಾಯಿಗೆ ಸೆರಗು ಹಿಡಿದು ನಕ್ಕೆ. ಗೆರೆ ಎಳೆಸಿದ ಮೇಸ್ತ್ರಿ ನನ್ನ ಗಂಡನೇ.

"ನಗ್ಬೇಡ ಕಣೆ. ಯುದ್ಧದ ಲಾರಿಗಳು ಬರ್ತವೆ. ಹೋಗೋರು ಅವ್ರ ಎಡಕ್ಕೆ, ಬರೋರು ಅವ್ರ ಎಡಕ್ಕೆ," ಅಂದರು.

ನಮ್ಮ ಎರೆನೆಲದಲ್ಲಿ ಗಾಲಿ ಕೊರೆದ ಜಾಡೇ ದಾರಿ. ಎದುರು ಬಂಡಿ ಬಂದರೆ ಇಬ್ಬರೂ ನಿಲ್ಲಿಸಿ, ಊರ ಸುದ್ದಿ ಮಾತಾಡಿ, ಆಮೇಲೆ ಒಬ್ಬ ಹೊಲಕ್ಕೆ ಇಳಿಸುತ್ತಾನೆ. ಇಲ್ಲಿ ಲಾರಿಗಳ ಸಾಲು ಶುರುವಾದರೆ ಮುಗಿಯುವ ತನಕ ರಸ್ತೆಗೆ ಕಾಲಿಡುವಂತಿಲ್ಲ. ಬಾವಿ ಆ ಬದಿಗೆ, ಮನೆ ಈ ಬದಿಗೆ. ಹೊರಗೆ ಲಾರಿ, ಒಳಗೆ ಅತ್ತೆ. ನನ್ನ ಮಾತು ಕೇಳಿದರೆ ಅವರಿಗೆ ನಗು, ಅವರ ಮುದ್ದೆ ನನ್ನ ಗಂಟಲಲ್ಲಿ ಇಳಿಯದು.

ಅಷ್ಟರಲ್ಲಿ ಸೇನೆಯಲ್ಲಿ ಡ್ರೈವರ್ ಆಗಿದ್ದ ತಮ್ಮ ಹೇಳಿಕಳಿಸಿದ. ಮದರಾಸಿಗೆ ಹೋಗುವ ಸಾಲಿನಲ್ಲಿ ತಾನೂ ಇದ್ದೇನೆ, ನಿಲ್ಲಿಸುವಂತಿಲ್ಲ, ಬಾಗಿಲಲ್ಲಿ ನಿಂತಿರು ಎಂದು. ಅಲ್ಲಿಂದ ಹಡಗು ಹತ್ತುವವನು, ಮತ್ತೆ ಸಿಗುತ್ತಾನೋ ಇಲ್ಲವೋ. ಜೋಳದ ರೊಟ್ಟಿ ಬಡಿದು ಗಂಟು ಕಟ್ಟಿಟ್ಟೆ.

"ಮದ್ರಾಸ್ ಲಾರಿ ಆ ಬದೀಲಿ ಹೋಗ್ತವೆ. ದಾಟಿ ನಿಂತ್ಕೊ, ಹತ್ರ ಸಿಗ್ತಾನೆ," ಅಂದರು ಗಂಡ.

ಲಾರಿಗಳ ಸದ್ದು ಕೇಳಿದ ಗಾಬರಿಗೆ ಗಂಟನ್ನು ಜಗಲಿಯಲ್ಲೇ ಬಿಟ್ಟು ಓಡಿ ದಾಟಿದೆ. ಸಾಲು ಬಂತು. ಅಯ್ಯೋ, ಡ್ರೈವರ್ ಕೂರುವುದು ಬಲಕ್ಕೆ, ಗೆರೆಯ ಪಕ್ಕಕ್ಕೆ! ಗೆರೆ ಎಳೆಸಿದ ಮಹಾರಾಯರಿಗೂ ಅದು ಹೊಳೆದಿರಲಿಲ್ಲ. ನನ್ನ ಕಡೆಗೆ ಬರೀ ಯಾರ್‍ಯಾರೋ ಸಿಪಾಯಿಗಳ ಮುಖ. ಹಿಂದಕ್ಕೆ ದಾಟೋಣವೆಂದರೆ ಒಂದರ ಬೆನ್ನಿಗೆ ಒಂದು ಲಾರಿ.

"ಅಕ್ಕಾ!" ಒಂದು ಲಾರಿಯ ಆಚೆಯಿಂದ ತಮ್ಮನ ದನಿ ಕೇಳಿತು. ಅವನು ಮನೆಯ ಕಡೆಗೆ ಕೂಗುತ್ತಿದ್ದ.

"ಇಲ್ಲಿ ಅದೀನೋ!" ಅಂತ ಕಿರುಚಿದೆ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ಆ ಲಾರಿ ಮುಂದೆ ಸರಿದಾಗ ಸಂದಿಯಲ್ಲಿ ಕಂಡದ್ದು ಅತ್ತೆ. ಬಿಳಿ ಗೆರೆಯ ಮೇಲೇ ಬರಿಗಾಲಲ್ಲಿ ಓಡುತ್ತಾ, ಹೊರಗೆ ಚಾಚಿದ ಕೈಗೆ ರೊಟ್ಟಿಯ ಗಂಟು ಕೊಡುತ್ತಿದ್ದರು. ತಮ್ಮನದು ಆ ಕೈಯಷ್ಟೇ ನನಗೆ ಕಂಡಿತು.

ಸಾಲು ಮುಗಿದ ಮೇಲೆ ಅತ್ತೆ ಏದುಸಿರು ಬಿಡುತ್ತಾ ಬಂದರು. "ಅಕ್ಕ ಎಲ್ಲಿ ಅಂದ. ಆ ಬದೀಗವ್ಳೆ ಕಣಪ್ಪಾ ಅನ್ನೋದ್ರೊಳ್ಗೆ ದೂರ ಹೋಗ್ಬಿಟ್ಟ. ಗಂಟು ನೋಡಿ ನಕ್ಕ ಕಣಮ್ಮ. ಥೇಟ್ ನಿನ್ ಮುಖ."

ತಮ್ಮನ ಸುದ್ದಿ ಇನ್ನೂ ಇಲ್ಲ. ನಮ್ಮವರಲ್ಲಿ ಅವನನ್ನು ಕಡೆಗೆ ನೋಡಿದವರು ಅತ್ತೆಯೇ. ಊರು ನೆನಪಾದಾಗಲೆಲ್ಲ ಅವರ ಹತ್ತಿರ ಹೋಗಿ ಕೂರುತ್ತೇನೆ.

"ಹೆಂಗ ನಕ್ಕ? ಇನ್ನೊಮ್ಮೆ ಹೇಳ್ರಿ," ಅನ್ನುತ್ತೇನೆ.