ಚರ್ಚಿನ ಸೂರು ತಗ್ಗಾದ ಮೇಲೆ

ಬಳ್ಳಾರಿಯ ನಮ್ಮ ಮೆಥೋಡಿಸ್ಟ್ ಚರ್ಚಿನ ಗೋಡೆ ಎರಡು ಮೊಳ ದಪ್ಪ. ಗಾರೆ ಹಾಕಿ ಕಟ್ಟಿದ ಕಲ್ಲು, ಚೂಪು ಕಮಾನಿನ ಕಿಟಕಿಗಳು, ನೋಡಿದರೆ ಕತ್ತು ನೋಯುವಷ್ಟು ಎತ್ತರದಲ್ಲಿ ತೇಗದ ತೊಲೆಗಳು, ಮೇಲೆ ಹೆಂಚು. ಕಟ್ಟಿಸಿದವರು ಮಿಷನರಿ ದೊರೆಗಳು, ಕಲ್ಲು ಹೊತ್ತವರು ನಮ್ಮವರು. ಕಲ್ಲು ಕುರುಗೋಡು ಗುಡ್ಡದ್ದೆಂದು ನನ್ನ ಮಾವ ಹೇಳುತ್ತಿದ್ದರು, ಮೋಕದವರು ತಮ್ಮೂರಿನದು ಅನ್ನುತ್ತಾರೆ. ಈ ಜಗಳ ಕೇಳಿ ಕೇಳಿ ಸಾಕಾಗಿದೆ. ಯಾವ ಕಲ್ಲಾದರೇನು, ಬಳ್ಳಾರಿ ಬಿಸಿಲಿಗೆ ಎಲ್ಲವೂ ಕಾಯುತ್ತವೆ. ಫ್ಯಾನಾಗಲಿ ಮೈಕಾಗಲಿ ಇಲ್ಲದ ಕಾಲ, ಸೆಕೆ ಮೇಲೇರಲಿ, ದನಿ ಹಿಂದಿನ ಬೆಂಚಿಗೂ ಮುಟ್ಟಲಿ ಎಂದು ಸೂರನ್ನು ಅಷ್ಟೆತ್ತರ ಇಟ್ಟಿದ್ದರಂತೆ.

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಹೋದವು. ಸಿರುಗುಪ್ಪದ ಸಾಲೆಯನ್ನೆಲ್ಲ ಗದರಿಸಿ ಇಟ್ಟಿದ್ದ ಮೇಷ್ಟ್ರು, ಈಗ ಗಾಂಧಿನಗರದ ಮನೆಯಲ್ಲಿ ಬಚ್ಚಲಿಗೂ ನನ್ನ ತೋಳು ಹಿಡಿದೇ ಹೋಗಬೇಕು. ವಾರವಿಡೀ ಹೀಗೆ. ಭಾನುವಾರ ಮಾತ್ರ, ಹೊರಗೆ ಚಪ್ಪಲಿ ಬಿಟ್ಟು ಚರ್ಚಿನ ಹೊಸ್ತಿಲು ದಾಟಿದ ಕೂಡಲೇ ತೋಳು ಬಿಟ್ಟುಬಿಡುತ್ತಿದ್ದರು. ಒಮ್ಮೆ ಗಟ್ಟಿಯಾಗಿ ಕೆಮ್ಮುತ್ತಿದ್ದರು. ದನಿ ತೊಲೆಗಳಿಂದ ವಾಪಸು ಬರುತ್ತಿತ್ತು, ಬಾಗಿಲ ಬಳಿ ಒಂದು ತರಹ, ಪೀಠದ ಮುಂದಿನ ದೊಡ್ಡ ಕಮಾನಿನ ಹತ್ತಿರ ಇನ್ನೊಂದು ತರಹ. ಕೆಮ್ಮುತ್ತಾ, ಕೇಳುತ್ತಾ ನೇರ ನಮ್ಮ ಬೆಂಚಿಗೆ ಹೋಗಿ ಕೂರುತ್ತಿದ್ದರು. ನಮ್ಮ ಕನ್ನಡ ಆರಾಧನೆಗೆ ಮೊದಲಿನ ತೆಲುಗು ಆರಾಧನೆ ಮುಗಿಸಿ ಹೊರಬರುವವರು, "ಸರ್ ಕೆಮ್ಮು ಇನ್ನಾ ಹೋಗಿಲ್ಲೇನ್ರಿ?" ಎಂದರೆ, "ಹೋಗೋದು ಬ್ಯಾಡ ಬಿಡ್ರಿ" ಎಂದು ನಗುತ್ತಿದ್ದರು. ಆಗ ಮುಖದಲ್ಲಿ ಹಳೆಯ ಮೇಷ್ಟ್ರು ಕಾಣುತ್ತಿದ್ದರು. ನನ್ನ ತೋಳಿಗೂ ಅಷ್ಟು ಹೊತ್ತು ಬಿಡುವು.

ಈ ಬೇಸಿಗೆಯಲ್ಲಿ ಕಮಿಟಿಯವರು ಎ.ಸಿ. ಹಾಕಿಸಲು ಹೊರಟರು. ಅಷ್ಟೆತ್ತರದ ಸೂರಿನಡಿ ತಂಪು ನಿಲ್ಲುವುದಿಲ್ಲವೆಂದು ತೊಲೆಗಳ ಕೆಳಗೆ ಪಿ.ಒ.ಪಿ. ಸೀಲಿಂಗ್ ಬೇಕಂತೆ. ನಾನು ಕಾರ್ಯದರ್ಶಿಯ ಹತ್ತಿರ ಹೋದೆ.

"ಅವರು ದನಿ ಕೇಳಿ ನಡೀತಾರಪ್ಪ. ಸೂರು ಇಳಿಸಬ್ಯಾಡ."

"ಟೀಚರಮ್ಮ, ಸೆಕಿಗೆ ಮುದುಕರು ತಲಿ ತಿರುಗಿ ಬೀಳಾಕತ್ಯಾರ. ಸರ್‌ಗೂ ತಂಪಾಗ್ತೈತಿ. ನೀವು ಕೈ ಹಿಡಕೊಂಡು ಕರಕೊಂಡು ಬರ್ರಿ, ಆತು."

ಅವನು ಕೆಟ್ಟವನಲ್ಲ. ಅವನ ತಾಯಿಯೇ ಹಿಂದಿನ ವಾರ ಪ್ರಾರ್ಥನೆಯ ನಡುವೆ ಕುಸಿದು ಬಿದ್ದಿದ್ದರು. ಏನೆಂದು ಜಗಳವಾಡಲಿ? ಮನೆಗೆ ಬಂದು ಇವರಿಗೆ ಹೇಳಿದೆ. "ಗೋಡಿ ಹಂಗ ಇರ್ತಾವಲ್ಲ, ನನಗ ಗೊತ್ತಾಗ್ತೈತಿ ಬಿಡು" ಅಂದರು ಇವರು.

ಕೆಲಸ ಮುಗಿದ ಮೊದಲ ಭಾನುವಾರ ಒಳಗೆ ಕಾಲಿಟ್ಟರೆ ತಣ್ಣಗಿತ್ತು. ಸುಳ್ಳೇಕೆ ಹೇಳಲಿ, ಹಾಯೆನಿಸಿತು. ಮೇಲೆ ಕಲ್ಯಾಣಮಂಟಪದ ಹಾಗೆ ಬಿಳಿ ಸೀಲಿಂಗ್, ದೊಡ್ಡ ಕಮಾನಿನ ತುದಿಯೇ ಮುಚ್ಚಿಹೋಗಿತ್ತು. ಇವರು ಎಂದಿನಂತೆ ತೋಳು ಬಿಟ್ಟು ಕೆಮ್ಮಿದರು. ಏನೂ ವಾಪಸು ಬರಲಿಲ್ಲ. ನಾಲ್ಕು ಹೆಜ್ಜೆ ಇಟ್ಟು ಇನ್ನೂ ಗಟ್ಟಿಯಾಗಿ ಕೆಮ್ಮಿದರು. ಯಾರೋ ಪುಣ್ಯಾತ್ಗಿತ್ತಿ ನೀರಿನ ಬಾಟಲಿ ಚಾಚಿದಳು. ಇವರಿಗೆ ಅದೂ ಕಾಣದು. ನಡುದಾರಿಯಲ್ಲಿ ಮುಖ ಮೇಲೆತ್ತಿಕೊಂಡು ನಿಂತೇ ಇದ್ದರು. ನನಗೆ ಅಳು ಬಂತು, ಅಳುವುದಕ್ಕೂ ಆಯಾಸವೆನಿಸಿತು. ಹೋಗಿ ಪಕ್ಕದಲ್ಲಿ ನಿಂತೆ.

"ಎಲ್ಲಿ ಅದೀವಿ?" ಎಂದು ಮೆಲ್ಲಗೆ ಕೇಳಿದರು.

"ಚರ್ಚಿನಾಗ ಅದೀವ್ರಿ."

"ಹೌದಾ?" ಅಂದರು. ಆಮೇಲೆ ನನ್ನ ತೋಳು ಹಿಡಿದುಕೊಂಡರು, ಮನೆಯಲ್ಲಿ ಬಚ್ಚಲಿಗೆ ಹೋಗುವಾಗ ಹಿಡಿದುಕೊಳ್ಳುವ ಹಾಗೆ.